ಕ್ಯಾನ್ ಬಿಟ್ಟು ನಳದ ನೀರಿಗೆ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯ 20 ಲೀಟರ್ ಕ್ಯಾನ್ ಖಾಲಿಯಾಗಿತ್ತು. ಸುಮ್ನೆ ಅದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ತಳದ ಮೂಲೆಯಲ್ಲಿ ತೆಳ್ಳಗೆ ಹಸಿರು ಪಾಚಿ. ಕೈ ತೂರುವಷ್ಟು ಬಾಯಿ ದೊಡ್ಡದಲ್ಲ, ಹಾಗಾಗಿ ತೊಳೆದವರೂ ಅದನ್ನು ಮುಟ್ಟಿರಲಿಕ್ಕಿಲ್ಲ. ಮೂರು ವರ್ಷದಿಂದ ಇದೇ ಕ್ಯಾನ್ ಸುತ್ತಾಡಿ ಸುತ್ತಾಡಿ ನಮ್ಮ ಮನೆಗೆ ಬರುತ್ತಿತ್ತೋ ಏನೋ. ಮರುದಿನ ಹುಡುಗ ಗಾಡಿ ನಿಲ್ಲಿಸಿ "ಅಕ್ಕಾರ, ಖಾಲಿ ಕ್ಯಾನ್ ಕೊಡ್ರಿ" ಅಂದಾಗ "ಇವತ್ತ ಬ್ಯಾಡಪಾ" ಅಂದೆ. ಅಂದ ಮೇಲೆ ಕುಡಿಯುವುದೇನು ಎಂಬ ಪ್ರಶ್ನೆ ಎದ್ದಿತು.

ಆಮೇಲೆ ಒಂದು ವರ್ಷ ನಳದ ನೀರನ್ನೇ ಕುಡಿದಿದ್ದೇವೆ. ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಮಗ ಪಿಯುಸಿ ಓದುತ್ತಾನೆ. ಯಾರ ಹೊಟ್ಟೆಯೂ ಕೆಟ್ಟಿಲ್ಲ. ಆದರೆ ನಳ ತಿರುವಿ ಲೋಟ ಹಿಡಿದು ಕುಡಿದುಬಿಟ್ಟೆವು ಅಂತ ತಿಳಿಯಬೇಡಿ. ಸ್ವಲ್ಪ ಕೆಲಸ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ನಮ್ಮಲ್ಲಿ ಎರಡು ದಿನಕ್ಕೊಂದು ಕ್ಯಾನ್ ಬೇಕಿತ್ತು, ಕ್ಯಾನಿಗೆ 40 ರೂಪಾಯಿ. ತಿಂಗಳಿಗೆ 600, ವರ್ಷಕ್ಕೆ 7,200. ಇನ್ನು ಲೀಟರಿಗೆ 20 ರೂಪಾಯಿಯ ಬಾಟಲಿ ಲೆಕ್ಕದಲ್ಲಿ ಸಾವಿರ ಲೀಟರಿಗೆ 20,000 ರೂಪಾಯಿ ಆಗುತ್ತದೆ. ನಿಮ್ಮ ನೀರಿನ ಬಿಲ್ ತೆಗೆದು, ಅದೇ ಸಾವಿರ ಲೀಟರಿಗೆ ಪಾಲಿಕೆ ಎಷ್ಟು ಹಾಕಿದೆ ನೋಡಿ. ನಗು ಬರುತ್ತದೆ.

ನಿಮ್ಮ ನಳಕ್ಕೆ ನೀರು ಎಲ್ಲಿಂದ ಬರುತ್ತದೆ?

ಮೊದಲ ಹೆಜ್ಜೆ ಇದು. ಮನೆಯೊಳಗೆ ಎಷ್ಟು ನಳ ಇವೆಯೋ ಅಷ್ಟೂ ನಳದ ನೀರು ಒಂದೇ ಅಲ್ಲ. ಅಂಗಳದ ನಳಕ್ಕೆ ಸಾಮಾನ್ಯವಾಗಿ ಪಾಲಿಕೆಯ ಪೈಪಿನಿಂದ ನೇರ ನೀರು. ಅಡುಗೆಮನೆಯ ನಳಕ್ಕೆ ಮಾಳಿಗೆಯ ಮೇಲಿನ ಸಿಂಟೆಕ್ಸ್‌ನಿಂದ. ಸಂಡಾಸಿನ ನಳಕ್ಕೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು. ಅಪಾರ್ಟ್‌ಮೆಂಟ್ ಆದರೆ ಕೇಳುವುದೇ ಬೇಡ, ಎಲ್ಲವೂ ಒಂದೇ ಸಂಪಿಗೆ ಬಿದ್ದು ಕಲೆಸಿಹೋಗಿರುತ್ತದೆ. ವಾಚ್‌ಮನ್‌ನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.

ಪಾಲಿಕೆಯ ನೀರು ಎಂದರೆ ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುವ ನೀರು. ಅದು ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಬಂದು, ತಿಳಿಯಾಗಿ, ಕ್ಲೋರಿನ್ ಹಾಕಿಸಿಕೊಂಡು ನಮ್ಮ ಕಡೆ ಹರಿಯುತ್ತದೆ. ಕಲಘಟಗಿ ತಾಲ್ಲೂಕಿನ ನೀರಸಾಗರವೂ ಹುಬ್ಬಳ್ಳಿಗೆ ನೀರು ಕೊಟ್ಟಿದೆ, ಬರಗಾಲದಲ್ಲಿ ಬತ್ತಿಯೂ ಹೋಗಿದೆ. ಗದಗ-ಬೆಟಗೇರಿಗೂ ಹಾವೇರಿಗೂ ತುಂಗಭದ್ರೆ. ಇದೆಲ್ಲ ಹೊಳೆ ನೀರು. ಹೊಳೆ ನೀರಿನಲ್ಲಿ ಲವಣ ಕಡಿಮೆ. ಕೆಸರು ಜಾಸ್ತಿ ಇರಬಹುದು, ಸೂಕ್ಷ್ಮಜೀವಿ ಇರಬಹುದು. ಅವೆರಡನ್ನೂ ತೆಗೆಯುವುದು ಕಷ್ಟದ ಕೆಲಸವಲ್ಲ.

ಬೋರ್‌ವೆಲ್ ನೀರಿನ ಕಥೆಯೇ ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ನೀರು ಬಂದ ಕೂಡಲೇ ಕೊಡ ಹಿಡಿಯಬೇಡಿ

ನನ್ನ ಕೇಳಿದರೆ ಇಡೀ ವಿಷಯದಲ್ಲಿ ದೊಡ್ಡ ಪಾಠ ಇದೊಂದೇ. ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ಕೆಡುವುದು ದಾರಿಯಲ್ಲಿ ಮತ್ತು ನಮ್ಮ ಮನೆಯಲ್ಲಿ.

ನಮ್ಮ ಊರಲ್ಲಿ ಕೆಲವು ಓಣಿಗಳಿಗೆ 24 ತಾಸೂ ನೀರು, ಕೆಲವಕ್ಕೆ ಐದಾರು ದಿನಕ್ಕೊಮ್ಮೆ. ನಿರಂತರ ನೀರಿನ ಪ್ರಯೋಗ 2008ರ ಸುಮಾರಿಗೆ ಇಲ್ಲಿನ ಕೆಲವೇ ವಾರ್ಡುಗಳಲ್ಲಿ ಶುರುವಾಯಿತು. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಂದು ಎರಡೂ ಬಗೆಯ ಓಣಿಗಳ ನಳದ ನೀರು ಹಿಡಿದು ಪರೀಕ್ಷೆ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲದ ಸೂಕ್ಷ್ಮಜೀವಿಗಳು ಸಿಕ್ಕಿದ್ದು ಜಾಸ್ತಿ, ನಿರಂತರ ನೀರಿನಲ್ಲಿ ಬಹಳ ಕಡಿಮೆ. ಎರಡಕ್ಕೂ ಹೊಳೆ ಅದೇ, ಘಟಕ ಅದೇ.

ಯಾಕೆ ಹೀಗೆ? ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ಒಳಗೆ ಒತ್ತಡ ಇರುವುದಿಲ್ಲ. ಪಕ್ಕದಲ್ಲೇ ಗಟಾರ, ಮಳೆಗಾಲದ ಕೆಸರು. ಜಾಯಿಂಟಿನ ಸಣ್ಣ ಬಿರುಕಿನಿಂದ ಅದು ಒಳಗೆ ಜಿನುಗುತ್ತದೆ. ಮತ್ತೆ ವಾಲ್ವ್‌ಮ್ಯಾನ್ ನೀರು ಬಿಟ್ಟಾಗ ಆ ಹೊಲಸೆಲ್ಲ ಮುಂದಿನ ನೀರಿನ ಜೊತೆ ಮೊದಲು ನಮ್ಮ ನಳಕ್ಕೇ ಬರುತ್ತದೆ.

ನೀವೇ ನೋಡಬಹುದು. ಈ ಸಲ ನೀರು ಬಂದಾಗ ಒಂದು ಗಾಜಿನ ಬಾಟಲಿಯಲ್ಲಿ ಮೊದಲ ನಿಮಿಷದ ನೀರು, ಇನ್ನೊಂದರಲ್ಲಿ ಇಪ್ಪತ್ತು ನಿಮಿಷದ ನಂತರದ ನೀರು ಹಿಡಿದು ಕಿಟಕಿಯಲ್ಲಿಡಿ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನಮ್ಮ ಮೊದಲ ಬಾಟಲಿಯ ತಳದಲ್ಲಿ ಧಾರವಾಡದ ಕೆಂಪು ಮಣ್ಣು ಬೆರಳಿನ ಕಾಲು ಭಾಗದಷ್ಟು ಕೂತಿತ್ತು. ಎರಡನೆಯದು ತಿಳಿ. ಅತ್ತೆಯವರು ಎರಡನ್ನೂ ಅಲುಗಾಡಿಸಿ ನೋಡಿ, "ಮದಲನೇ ನೀರು ಬಚ್ಚಲಿಗೆ, ಗಿಡಕ್ಕ. ನಮ್ಮವ್ವನೂ ಹಿಂಗs ಮಾಡತಿದ್ಲು" ಅಂದರು. ಸಂಶೋಧನೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಕ್ರಮ ಇಷ್ಟು. ಮೊದಲ 15-20 ನಿಮಿಷದ ನೀರು ಬಕೆಟ್ಟಿಗೆ ಹಿಡಿದು ಬಟ್ಟೆ ಒಗೆಯಲು, ಅಂಗಳ ತೊಳೆಯಲು ಬಳಸಿ. ನೀರು ತಿಳಿಯಾದ ಮೇಲೆ ಕುಡಿಯುವ ಕೊಡ ತುಂಬಿ. ಅದೂ ಅಂಗಳದ ನೇರ ನಳದಿಂದಲೇ. ನಳಕ್ಕೆ ಕಟ್ಟಿದ ಹಳೇ ರಬ್ಬರ್ ಪೈಪು ಬಿಚ್ಚಿ, ಅದರ ತುದಿ ವಾರವಿಡೀ ಗಟಾರದ ಬದಿಗೆ ಬಿದ್ದಿರುತ್ತದೆ. ಇನ್ನೊಂದು ಮಾತು, ನೇರ ಪೈಪಿಗೆ ಮೋಟರ್ ಹಚ್ಚಿ ಎಳೆಯಬೇಡಿ. ನೀರಿನ ಜೊತೆ ಹೊರಗಿನ ಕೊಳೆಯನ್ನೂ ಎಳೆದುಕೊಳ್ಳುತ್ತೀರಿ. ಪಕ್ಕದ ಮನೆಯವರ ಬೈಗುಳ ಬೇರೆ.

ಕ್ಲೋರಿನ್ ವಾಸನೆ ಬಂದರೆ ಮೂಗು ಮುರಿಯಬೇಡಿ. ಅದು ಒಳ್ಳೆಯ ಸುದ್ದಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರು ನಮ್ಮ ನಳದವರೆಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಸಣ್ಣ ಕಿಟ್ ಸಿಗುತ್ತದೆ. ಕೊಳವೆಯಲ್ಲಿ ನೀರು ಹಿಡಿದು ಕೆಲವು ಹನಿ ಔಷಧ ಹಾಕಿದರೆ ಹಳದಿ ಬಣ್ಣ ಬರಬೇಕು. ಹಳದಿ ಬರದಿದ್ದರೆ ಕ್ಲೋರಿನ್ ಇಲ್ಲ ಎಂದರ್ಥ. ಆ ದಿನದ ನೀರು ಕುದಿಸಲೇಬೇಕು. ವಾಸನೆ ಸಹಿಸದವರು ಕೊಡದ ಬಾಯಿಗೆ ತೆಳು ಬಟ್ಟೆ ಕಟ್ಟಿ ಒಂದೆರಡು ತಾಸು ಇಡಿ, ಹೋಗುತ್ತದೆ.

ಸಂಪು ಮತ್ತು ಸಿಂಟೆಕ್ಸ್

ನೇರ ನಳ ಇಲ್ಲದವರು, ಅಪಾರ್ಟ್‌ಮೆಂಟಿನವರು ಇದನ್ನು ಓದಲೇಬೇಕು. ಹೊಳೆ ನೀರಿಗೆ ಬೈಯುವ ಎಷ್ಟೋ ಜನ ತಮ್ಮ ಸಂಪಿನ ಮುಚ್ಚಳ ತೆಗೆದು ವರ್ಷವಾಗಿರುತ್ತದೆ.

ಮೂರು ತಿಂಗಳಿಗೊಮ್ಮೆ ಟ್ಯಾಂಕ್ ಖಾಲಿ ಮಾಡಿ, ತಿಕ್ಕಿ ತೊಳೆಯಿರಿ. ಆಮೇಲೆ ನೀರು ತುಂಬಿ, ಸಾವಿರ ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರ್ ಬಕೆಟ್ಟಿನಲ್ಲಿ ಕಲಸಿ ತಿಳಿ ನೀರನ್ನು ಹಾಕಿ. ರಾತ್ರಿಯಿಡೀ ಬಿಡಿ. ಮರುದಿನ ಆ ನೀರನ್ನೆಲ್ಲ ಚೆಲ್ಲಿ, ಮತ್ತೊಮ್ಮೆ ತೊಳೆದು, ಹೊಸ ನೀರು ತುಂಬಿ. ಇದು ಟ್ಯಾಂಕ್ ತೊಳೆಯುವ ಲೆಕ್ಕ, ಕುಡಿಯುವ ಲೆಕ್ಕ ಅಲ್ಲ. ಕುಡಿಯುವ ನೀರಿಗೆ ಹಾಕುವುದಾದರೆ ಸಾವಿರ ಲೀಟರಿಗೆ ಬರೀ 2.5 ಗ್ರಾಂ ಒಳ್ಳೆಯ ಪೌಡರ್ ಸಾಕು, ಹಾಕಿ ಒಂದು ತಾಸು ಬಿಡಬೇಕು. ಎರಡು ಲೆಕ್ಕ ಅದಲು ಬದಲು ಮಾಡಬೇಡಿ. ಪೌಡರ್ ಹಳೆಯದಾಗಿ ಗಂಟು ಕಟ್ಟಿದ್ದರೆ ಅದರಲ್ಲಿ ಸತ್ವ ಇರುವುದಿಲ್ಲ.

ಆಳದ ಸಂಪಿಗೆ ಒಬ್ಬರನ್ನೇ ಇಳಿಸಬೇಡಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತಿರಬೇಕು. ಬ್ಲೀಚಿಂಗ್ ಜೊತೆ ಆ್ಯಸಿಡ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಇದು ಹೆದರಿಸುವ ಮಾತಲ್ಲ, ಪ್ರಾಣದ ಮಾತು.

ಸೋಸುವುದು, ಕುದಿಸುವುದು

ಹಳೇ ಹತ್ತಿ ಸೀರೆಯನ್ನು ಕಡಿಮೆ ಮಾಡಿ ತಿಳಿಯಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹೊಸ ಬಟ್ಟೆಗಿಂತ ಹಳೆಯದೇ ಮೇಲು, ಒಗೆದೊಗೆದು ನೂಲು ಹಿಂಜಿ ರಂಧ್ರ ಸಣ್ಣದಾಗಿರುತ್ತದೆ. ಸೋಸಿದ ಬಟ್ಟೆಯನ್ನು ದಿನಾ ಒಗೆದು ಬಿಸಿಲಿಗೆ ಹಾಕಬೇಕು, ಅಷ್ಟೆ. ಆದರೆ ಎಲ್ಲ ಸೂಕ್ಷ್ಮಜೀವಿಗೂ ಬಟ್ಟೆ ಸಾಲದು.

ಮಳೆಗಾಲದ ಕೆಂಪು ನೀರಿಗೆ ಪಟಿಕ. ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಸೋಸಿಕೊಂಡು ಕುದಿಸಿ.

ಕುದಿಸುವುದು ಅಂದರೆ ಬಿಸಿ ಮಾಡುವುದಲ್ಲ. ಗುಳ್ಳೆ ಉಕ್ಕಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಅಷ್ಟು ಸಾಕು. ಹತ್ತು ಹದಿನೈದು ನಿಮಿಷ ಕುದಿಸಿ ಗ್ಯಾಸ್ ಸುಡುವವರನ್ನು ನೋಡಿದ್ದೇನೆ, ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಒಂದು ನೆನಪಿಡಿ: ಕುದಿಸಿದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಮತ್ತೆ ಕೊಳಕು ಕೈ ಬಿದ್ದರೆ ಕಾಯುವವರಿಲ್ಲ. ಕುದಿಸಿದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಅಂದಂದೇ ಮುಗಿಸಿ.

ನಾವು ದಿನಾ ಕುದಿಸುವುದಿಲ್ಲ. ನೀರು ತಿಳಿಯಿದ್ದು ಕಿಟ್‌ನಲ್ಲಿ ಹಳದಿ ಬಂದರೆ ಮೊದಲೆರಡು ದಿನ ಸೋಸಿ ಕುಡಿಯುತ್ತೇವೆ. ಕೊಡದಲ್ಲಿ ನಿಂತ ನೀರಿನ ಕ್ಲೋರಿನ್ ದಿನ ಕಳೆದಂತೆ ಇಳಿಯುತ್ತದೆ, ಹಾಗಾಗಿ ಮೂರನೇ ದಿನದಿಂದ ಮುಂದಿನ ನೀರು ಬರುವ ತನಕ ಕುದಿಸಿದ್ದೇ. ಅತ್ತೆಯವರಿಗೆ ಮಾತ್ರ ಯಾವಾಗಲೂ ಕುದಿಸಿದ ನೀರು. ಹಸುಗೂಸು, ಬಸುರಿ, ವಯಸ್ಸಾದವರು ಇರುವ ಮನೆಯಲ್ಲಿ ಹಾಗೆಯೇ ಮಾಡಿ.

ಆರ್‌ಒ ಬೇಕಾ?

ಕ್ಯಾನ್ ಬಿಟ್ಟ ಸುದ್ದಿ ಹೇಗೆ ಗೊತ್ತಾಯಿತೋ, ಎರಡೇ ವಾರದಲ್ಲಿ ಆರ್‌ಒ, ಅಂದರೆ ನೀರಿನಲ್ಲಿ ಕರಗಿದ ಲವಣವನ್ನೂ ಸೋಸಿ ತೆಗೆಯುವ ಯಂತ್ರ ಮಾರುವವನೊಬ್ಬ ಬಾಗಿಲಿಗೆ ಬಂದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಳದ ನೀರು, ಇನ್ನೊಂದಕ್ಕೆ ತಾನು ತಂದಿದ್ದ ಆರ್‌ಒ ನೀರು. ಎರಡರಲ್ಲೂ ಲೋಹದ ಕಡ್ಡಿಗಳಿರುವ ಒಂದು ಸಾಧನ ಇಳಿಸಿ ಪ್ಲಗ್ ಹಾಕಿದ. ಒಂದೇ ನಿಮಿಷ. ನಮ್ಮ ನೀರು ಮೊದಲು ಹಸಿರಾಯಿತು, ಆಮೇಲೆ ಕಂದು, ಆಮೇಲೆ ಮೇಲೆಲ್ಲ ಗಸಿ ಗಸಿ ತೇಲಿತು. ಅವನ ನೀರು ಇದ್ದ ಹಾಗೇ ಇತ್ತು.

"ಅಯ್ಯ ಶಿವನ! ಇದನ್ನs ಕುಡ್ಯಾಕತ್ತೇವೇನು?" ಅತ್ತೆ ಸೆರಗು ಬಾಯಿಗೆ ಹಿಡಿದರು.

ಮಗ ಒಳಗಿನಿಂದ ಉಪ್ಪಿನ ಡಬ್ಬಿ ತಂದು, "ಅಣ್ಣಾರ, ನಿಮ್ಮ ನೀರಿಗೆ ಒಂದು ಚಿಟಿಕಿ ಇದನ್ನ ಹಾಕ್ರಿ" ಅಂದ. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಹಾಕಿಯೇಬಿಟ್ಟ. ಆ ನೀರೂ ಕಂದಾಯಿತು. ನಮ್ಮದಕ್ಕಿಂತ ಬೇಗ.

ಆಟ ಇಷ್ಟೇ. ಕಡ್ಡಿ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಗಸಿ ಬರುತ್ತದೆ. ಆ ಗಸಿ ನೀರಿನದ್ದಲ್ಲ, ಕಡ್ಡಿಯದ್ದು. ಲವಣವೇ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ. ಎಳನೀರು ಹಾಕಿದರೂ ಹೀಗೆಯೇ ಕೆಡುತ್ತದೆ.

ಆರ್‌ಒ ಬೇಕೋ ಬೇಡವೋ ಎಂದು ತಿಳಿಯಲು ಟಿಡಿಎಸ್ ನೋಡಿ. ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ. ಪೆನ್ನಿನಂಥ ಸಣ್ಣ ಮೀಟರ್ ಸಾಕು. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆ ಲೆಕ್ಕದಲ್ಲಿ ನೀರು ಸರಿ ಎಂದು ಮಾನಕ ಹೇಳುತ್ತದೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಲ್ಲಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಕಾರಣ, ಮನೆಯ ಆರ್‌ಒ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಚೆಲ್ಲುತ್ತದೆ. ಐದು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಮೂರು ಲೀಟರ್ ಚೆಲ್ಲುವುದೆಂದರೆ ನನಗಂತೂ ಕೈ ಬರುವುದಿಲ್ಲ. ಹೊಳೆ ನೀರಿನ ಮನೆಗೆ ಯಂತ್ರ ಬೇಕೇ ಬೇಕೆಂದರೆ ನೇರಳಾತೀತ ಬೆಳಕಿನಿಂದ ಸೂಕ್ಷ್ಮಜೀವಿ ಕೊಲ್ಲುವ ಯುವಿ ಫಿಲ್ಟರ್ ಸಾಕು.

ಒಂದು ಎಚ್ಚರಿಕೆ. ಟಿಡಿಎಸ್ ಮೀಟರ್ ಸೂಕ್ಷ್ಮಜೀವಿಯನ್ನು ತೋರಿಸುವುದಿಲ್ಲ. 60 ತೋರಿಸಿದ ನೀರಿನಲ್ಲೂ ಟೈಫಾಯ್ಡ್ ಇರಬಹುದು.

ಇನ್ನು ಬೋರ್‌ವೆಲ್. ಇಲ್ಲಿ ನಾನು ಹಟ ಮಾಡುವುದಿಲ್ಲ. ಗದಗ ಜಿಲ್ಲೆಯ ಹಲವು ಕಡೆ, ಮುಂಡರಗಿ ಸೀಮೆಯೂ ಸೇರಿ, ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಮಿತಿ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಗೂ ತೊಂದರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಿಂದಲೂ ಹೋಗುವುದಿಲ್ಲ. ಅಂಥ ಊರಿನಲ್ಲಿ ಹೊಳೆ ನೀರು ಬರುತ್ತಿದ್ದರೆ ಅದನ್ನೇ ಕುಡಿಯಿರಿ. ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ, ಅಥವಾ ಮನೆಯಲ್ಲಿ ಆರ್‌ಒ. ಸವಳು ಬೋರ್‌ವೆಲ್ಲಿನವರಿಗೂ ಇದೇ ಮಾತು. ಕುಡಿಯುವ ಮುಂಚೆ ಒಮ್ಮೆ ಪ್ರಯೋಗಾಲಯಕ್ಕೆ ನೀರು ಕೊಟ್ಟು ಫ್ಲೋರೈಡ್, ನೈಟ್ರೇಟ್ ಎರಡನ್ನೂ ಕೇಳಿ ಪರೀಕ್ಷೆ ಮಾಡಿಸಿ.

ಹರವಿ ಮತ್ತು ಕೈ

ಬೇಸಿಗೆಯಲ್ಲಿ ಫ್ರಿಜ್ ನೀರಿನ ಆಸೆ ಬಿಡಿಸಿದ್ದು ಮಣ್ಣಿನ ಹರವಿ. ಕಟ್ಟೆಯ ಮೇಲೆ ಒಂದಿಷ್ಟು ಉಸುಕು ಹಾಕಿ, ಉಸುಕು ತೋಯಿಸಿ ಇಟ್ಟರೆ ಸಾಕು. ಆದರೆ ಹರವಿಗೆ ಲೋಟ ಅದ್ದುವ ಚಾಳಿ ಬಿಡಬೇಕು. ಲೋಟದ ಜೊತೆ ನಾಲ್ಕು ಬೆರಳೂ ಅದ್ದುತ್ತವೆ. ಉದ್ದ ಹಿಡಿಕೆಯ ಸವಟು ಇಡಿ, ಅಥವಾ ಬುಡಕ್ಕೆ ನಳ ಇರುವ ಹರವಿ ಕೊಳ್ಳಿ. ವಾರಕ್ಕೊಮ್ಮೆ ಖಾಲಿ ಮಾಡಿ, ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ. ಡೆಂಗಿ ಸೊಳ್ಳೆ ತುಂಬಿಟ್ಟ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮುಚ್ಚಳ ಬೇಕೇ ಬೇಕು.

ತಾಮ್ರದ ಕೊಡ ಒಳ್ಳೆಯದೇ. ಆದರೆ ತಾಮ್ರ ಇದೆ ಅಂತ ಉಳಿದದ್ದನ್ನೆಲ್ಲ ಬಿಡಬೇಡಿ.

ಮನೆಯಿಂದ ಹೊರಗೆ

ಒಂದು ಸ್ಟೀಲ್ ಬಾಟಲಿ ತೆಗೆದುಕೊಳ್ಳಿ. ಚಿಗರಿ ಬಸ್ಸಿನಲ್ಲಿ ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವವರ ಚೀಲದಲ್ಲಿ ಅದಿದ್ದರೆ ದಿನಕ್ಕೆ 20 ರೂಪಾಯಿ ಉಳಿಯಿತು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಬೋಗಿ ಹುಡುಕುತ್ತಾ ನಡೆದವರಿಗೆ ನೀರಿನ ಬೆಲೆ ನಾನು ಹೇಳಬೇಕಾಗಿಲ್ಲ.

ಖಾಲಿಯಾಗಿ ಕೊಳ್ಳಲೇಬೇಕಾದರೆ ಸೀಲ್ ನೋಡಿ, ದಿನಾಂಕ ನೋಡಿ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ. 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್' ಎಂದಿದ್ದರೆ ಅದು ಮಿನರಲ್ ವಾಟರ್ ಅಲ್ಲ. ಬೋರ್‌ವೆಲ್ ನೀರನ್ನೇ ಶುದ್ಧ ಮಾಡಿ ತುಂಬಿದ್ದಿರಬಹುದು. ಅದರಲ್ಲಿ ತಪ್ಪೇನಿಲ್ಲ, ಹಿಮಾಲಯದ ಚಿತ್ರ ನೋಡಿ ಮೋಸ ಹೋಗಬಾರದು ಅಷ್ಟೆ. ಪ್ಲಾಸ್ಟಿಕ್ ಕಣದ ವಿಷಯವೂ ಇದೆ. 2018ರಲ್ಲಿ ಭಾರತವೂ ಸೇರಿ ಒಂಬತ್ತು ದೇಶಗಳ 259 ಬಾಟಲಿ ಪರೀಕ್ಷಿಸಿದಾಗ ನೂರಕ್ಕೆ 93ರಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿದ್ದವು. ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಬೆಂದ ಬಾಟಲಿ ನೀರು ಕುಡಿಯಬೇಡಿ.

ಮದುವೆ, ಮುಂಜಿವೆಗೆ ಎಲೆಗೊಂದು ಸಣ್ಣ ಬಾಟಲಿ ಇಡುವುದು ಈಗ ಮರ್ಯಾದೆಯ ಪ್ರಶ್ನೆ. ಊಟವಾದ ಮೇಲೆ ಅರ್ಧರ್ಧ ಕುಡಿದ ಬಾಟಲಿಗಳ ಸಾಲು ನೋಡಿದ್ದೀರಲ್ವಾ? ನಮ್ಮ ಕಡೆ ಮಹದಾಯಿ ನೀರು ಬೇಕೆಂದು ಭಾಷಣ ಮಾಡುವ ವೇದಿಕೆಯ ಮೇಲೂ ಅದೇ ಬಾಟಲಿ. ಹೋದ ತಿಂಗಳು ತಂಗಿಯ ಮನೆಯ ತೊಟ್ಟಿಲ ಕಾರ್ಯದಲ್ಲಿ ನಾವು ಅರವಟಿಗೆಯ ಹಾಗೆ ಎರಡು ಹರವಿ, ಸ್ಟೀಲ್ ಲೋಟ ಇಟ್ಟೆವು. ಹಿಂದಿನ ದಿನ ಕುದಿಸಿ ಆರಿಸಿದ ನೀರು, ಮೇಲೆ ಲಾವಂಚದ ಸಣ್ಣ ಕಟ್ಟು. ಹರವಿ ಎರಡು ಸಲ ತುಂಬಬೇಕಾಯಿತು.

ನಳದ ನೀರು ಬೇಡವಾದ ದಿನಗಳು

ರಸ್ತೆ ಅಗೆದು ಪೈಪು ಒಡೆದಾಗ. ನೀರಿಗೆ ಗಟಾರದ ವಾಸನೆ ಬಂದಾಗ. ಓಣಿಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಕಾಮಾಲೆಯೋ ವಾಂತಿಭೇದಿಯೋ ಆದಾಗ. ಅಂಥ ದಿನ ಸೀಲ್ ಇರುವ ಕ್ಯಾನ್ ತರಿಸಿ, ನಾಚಿಕೆ ಬೇಡ. ನಾವೂ ಒಮ್ಮೆ ತರಿಸಿದ್ದೇವೆ. ಪಾಲಿಕೆಗೆ ದೂರು ಕೊಡುವಾಗ ಯಾವ ದಿನ, ಎಷ್ಟು ಹೊತ್ತಿಗೆ, ನೀರು ಬಿಟ್ಟು ಎಷ್ಟು ನಿಮಿಷವಾಗಿತ್ತು ಎಂದು ಬರೆಯಿರಿ. ಬಾಟಲಿಯಲ್ಲಿ ಹಿಡಿದ ನೀರಿನ ಫೋಟೊ ಹಾಕಿ. 'ನೀರು ಸರಿ ಇಲ್ಲ' ಎಂಬ ದೂರಿಗಿಂತ ಅದಕ್ಕೆ ಬೇಗ ಕಾಲು ಬರುತ್ತದೆ.

ಕೊನೆಯ ಕೆಲಸ ಡಿಪಾಸಿಟ್. ಕ್ಯಾನ್ ಶುರು ಮಾಡಿದಾಗ ಕ್ಯಾನಿಗೆ ಇಷ್ಟು ಎಂದು ಮುಂಗಡ ಕೊಟ್ಟಿರುತ್ತೀರಿ. ಬಿಡುವಾಗ ಕೇಳಿ ವಾಪಸ್ ತೆಗೆದುಕೊಳ್ಳಿ. ನಾನು ಕೇಳಿದಾಗ ಹುಡುಗ ತಲೆ ಕೆರೆದು "ರಸೀತಿ ಐತೇನ್ರಿ ಅಕ್ಕಾರ?" ಅಂದ. ಎಲ್ಲಿದೆಯೋ ಯಾರಿಗೆ ಗೊತ್ತು. ಎರಡು ಕ್ಯಾನ್ ಮನೆಯಲ್ಲೇ ಉಳಿದವು. ಈಗ ಅವುಗಳ ಕುತ್ತಿಗೆ ಕತ್ತರಿಸಿ ಅಂಗಳದ ನಳದ ಕೆಳಗೆ ಇಟ್ಟಿದ್ದೇನೆ, ಮೊದಲ ಇಪ್ಪತ್ತು ನಿಮಿಷದ ನೀರು ಹಿಡಿಯಲು.